ಒನ್ಸ್ ಮೋರ್!

"ಅಪ್ಪಾ, ಇದು ಎಐ ಅಲ್ವಾ?"

ಮೊನ್ನೆ ಭಾನುವಾರ ಊಟ ಮುಗಿಸಿ ಮಗನನ್ನ ಪಕ್ಕದಲ್ಲಿ ಕೂರಿಸಿಕೊಂಡು, 'ಬಾ ಮಾರಾಯ, ನಿಂಗೊಂದು ಮಜಾ ತೋರಿಸ್ತೀನಿ' ಅಂತ 'ಪೊಲೀಸ್ ಸ್ಟೋರಿ' ಹಾಕಿದ್ದೆ. ನಮ್ಮ ಸಾಯಿಕುಮಾರ್ ಅವರದ್ದಲ್ಲ (ಅದಕ್ಕೂ ನಾನು ಫ್ಯಾನೇ, ಆ ಮಾತು ಬೇರೆ). ಇದು 1985ರ ಜಾಕಿಚಾನ್‌ದು. ಕೊನೇ ಫೈಟು. ಹಾಂಗ್‌ಕಾಂಗಿನ ಒಂದು ಶಾಪಿಂಗ್ ಮಾಲು. ಎಲ್ಲಿ ನೋಡಿದರೂ ಗಾಜು, ಗಾಜು ಇದ್ದಲ್ಲೆಲ್ಲ ಒಬ್ಬೊಬ್ಬ ಹೋಗಿ ಬೀಳೋದು. ಕಡೆಗೆ ಮೇಲಿನ ಮಹಡಿಯ ಕಟಾಂಜನದ ಮೇಲೆ ನಿಂತ ಜಾಕಿ ಗಾಳಿಗೆ ಹಾರಿ, ನಡುವೆ ಇದ್ದ ಕಂಬವನ್ನ ತಬ್ಬಿಕೊಳ್ತಾನೆ. ಕಂಬದ ತುಂಬ ನಮ್ಮ ಗಣಪತಿ ಹಬ್ಬದ ಸೀರಿಯಲ್ ಸೆಟ್ ಥರದ ಬಲ್ಬುಗಳು. ಸರ್ರ್ ಅಂತ ಜಾರಿ ಬರುವಾಗ ಅವೆಲ್ಲ ಪಟಪಟ ಸಿಡೀತವೆ, ಕಿಡಿ ಹಾರುತ್ತೆ, ಕೆಳಗಿನ ಗಾಜು ಒಡಕೊಂಡು ಬಿದ್ದವನು ಎದ್ದು ಮತ್ತೆ ಓಡ್ತಾನೆ!

ಇದಕ್ಕೆ ನಮ್ಮ ಮಗರಾಯನ ಪ್ರಶ್ನೆ, ಎಐ ಅಲ್ವಾ ಅಂತ. ನಂಗೆ ಎಲ್ಲಿತ್ತೋ ಸಿಟ್ಟು.

"ಅಲ್ಲ ಕಣೋ, ನಿಜವಾದ ಕೈ, ನಿಜವಾದ ಕಂಬ. ಅಂಗೈ ಚರ್ಮ ಸುಟ್ಟು ಹೋಗಿತ್ತು. ಸೊಂಟಕ್ಕೂ ಪೆಟ್ಟಾಗಿತ್ತು."

"ಹಂಗಾದ್ರೆ ಯಾಕೆ ಮೂರು ಸಲ ಹಾರಿದ?"

"ಹಾರಿದ್ದು ಒಂದೇ ಸಲ. ಬೇರೆ ಬೇರೆ ಕಡೆಯಿಂದ ಮೂರು ಸಲ ತೋರಿಸಿದಾರೆ ಅಷ್ಟೆ."

"ಯಾಕೆ?"

ಜನಕ್ಕೆ ಒಂದು ಸಲ ಸಾಕಾಗಲ್ಲ ಮಗನೇ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅವನು ಎದ್ದು ಆಡೋಕೆ ಹೋದ, ನಾನು ಒಬ್ಬನೇ ಕೂತು ಅದೇ ಸೀನನ್ನ ಹಿಂದಕ್ಕೆ ಎಳೆದು ಮತ್ತೆರಡು ಸಲ ನೋಡಿದೆ. ಆಮೇಲೆ ಯಾಕೋ ನಮ್ಮೂರಿನ ಕೊನೆಗೌಡರು ನೆನಪಾದರು. ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ, ಇವತ್ತು ಬರೆದೇ ಬಿಡ್ತೀನಿ.

ನಮ್ಮದು ಸಾಗರದ ಕಡೆ ಒಂದು ಪುಟ್ಟ ಊರು. 1991ರಲ್ಲಿ ನನಗೆ ಹನ್ನೊಂದು. ಊರಲ್ಲಿ ಟಿವಿ ಇದ್ದದ್ದೇ ಎರಡು ಮನೆಯಲ್ಲಿ, ಅದೂ ಬ್ಲಾಕ್ ಅಂಡ್ ವೈಟು. ಹಾಗಾಗಿ ಗಣಪತಿ ಹಬ್ಬ ಅಂದ್ರೆ ನಮಗೆ ಕಡುಬಿಗಿಂತ ಜಾಸ್ತಿ 'ವೀಡಿಯೋ'. ಚಂದಾ ಎತ್ತಿ ಪೇಟೆಯಿಂದ ಕಲರ್ ಟಿವಿ, ವಿಸಿಪಿ ಬಾಡಿಗೆಗೆ ತಂದು ಶಾಲೆ ಅಂಗಳದಲ್ಲಿ ಮೇಜಿನ ಮೇಲಿಟ್ಟು ರಾತ್ರಿಯಿಡೀ ಪಿಚ್ಚರ್ ಹಾಕೋರು. ಮೊದಲನೇದು ರಾಜ್‌ಕುಮಾರ್, ಅದು ಕಡ್ಡಾಯ. ಎರಡನೇದು ವಿಷ್ಣುವರ್ಧನ್ ಅಥವಾ ಶಂಕರನಾಗ್, ಅದಕ್ಕೆ ಒಂದು ಸಣ್ಣ ಜಗಳ. ಬೆಳಗಿನ ಜಾವ ಮೂರರ ಹೊತ್ತಿಗೆ ಹೆಂಗಸರು, ಹಿರಿಯರೆಲ್ಲ ಎದ್ದು ಹೋದ ಮೇಲೆ 'ಕರಾಟೆ ಪಿಚ್ಚರ್'. ನಮಗೆ ಎಲ್ಲಾ ಕರಾಟೆಯೇ. ಕುಂಗ್‌ಫೂ ಚೀನಾದ್ದು, ಕರಾಟೆ ಜಪಾನಿನದು ಅನ್ನೋ ಭೇದಭಾವ ಇರಲಿಲ್ಲ. ಹೀರೋಗಳೂ ಇಬ್ಬರೇ: ಬ್ರೂಸ್ಲಿ ಮತ್ತು ಜಾಕಿಚಾನ್. ಬ್ರೂಸ್ ಅನ್ನೋದು ಹೆಸರು, ಲೀ ಅನ್ನೋದು ಮನೆತನ ಅಂತ ಗೊತ್ತಾಗೋ ಹೊತ್ತಿಗೆ ನಾನು ಪಿಯುಸಿ. ಬೇರೆ ಯಾರಾದರೂ ಹೊಡೆದಾಡಿದರೆ ಅವರನ್ನ 'ಬ್ರೂಸ್ಲಿಯ ತಮ್ಮ' ಅಂತಿದ್ವಿ.

ಆ ವರ್ಷದ ಮೂರು ಗಂಟೆಯ ಪಿಚ್ಚರಿನ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಮಾತೂ ತಿಳೀತಿರಲಿಲ್ಲ. ಜಾಕಿ ಶುರುವಿಗೇ ಕಾಡುಜನರ ಕೈಯಿಂದ ತಪ್ಪಿಸಿಕೊಂಡು ಓಡ್ತಾನೆ, ಹಾರ್ತಾನೆ, ಕೊನೆಗೆ ಒಂದು ದೊಡ್ಡ ಬೆಟ್ಟದ ಮೇಲಿಂದ ಬಲೂನಿನ ಮೇಲಕ್ಕೇ ಹಾರ್ತಾನೆ. ಶಿಳ್ಳೆಯೋ ಶಿಳ್ಳೆ. ಅಕ್ಷರ ಬರೋಕೆ ಶುರುವಾಯ್ತು, ಎಲ್ಲ ಕಂಬಳಿ ಕೊಡವಿ ಎದ್ದರು. ನೋಡಿದರೆ ಅಕ್ಷರದ ಪಕ್ಕದಲ್ಲಿ ಪಿಚ್ಚರ್ ಇನ್ನೂ ಓಡ್ತಾನೇ ಇದೆ. ಜಾಕಿ ಹಾರಿ ತಪ್ಪಿ ಬೀಳೋದು, ನಗೋದು, ಮತ್ತೆ ಹಾರೋದು. ಅದರ ಮಧ್ಯೆ ಒಂದು ಕಡೆ ಮರದಿಂದ ಬೀಳ್ತಾನೆ. ಜನ ಓಡಿ ಬರ್ತಾರೆ. ಎತ್ತಿಕೊಂಡು ಹೋಗ್ತಾರೆ. ನಾನು ಇದೂ ಕಾಮಿಡಿ ಅಂತ ನಗ್ತಾ ಇದ್ದೆ.

"ನಗಬ್ಯಾಡಿ ಸಣ್ಣಯ್ಯಾ. ಅಂವ ಖರೇನೇ ಬಿದ್ದಾನೆ."

ಹಿಂದೆ ಗೋಣಿಚೀಲದ ಮೇಲೆ ಕೂತಿದ್ದ ಕೊನೆಗೌಡರು. (ಆಗೆಲ್ಲ ಅವರನ್ನ ನಾನು ಏಕವಚನದಲ್ಲೇ ಕರೀತಿದ್ದೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನ. ಮತ್ತೆ ಅವರು ಯಾಕೆ ಹಿಂದೆ ಗೋಣಿಚೀಲದ ಮೇಲೇ ಕೂರಬೇಕಿತ್ತು ಅಂತಲೂ ಆಗ ಯೋಚಿಸಿರಲಿಲ್ಲ.) ನಿಂಗೆ ಹ್ಯಾಗೆ ಗೊತ್ತು ಅಂದೆ.

"ಜನ ಓಡೋದು ನೋಡಿ. ಸುಳ್ಳು ಬಿದ್ರೆ ಜನ ಹಂಗೆ ಓಡದಿಲ್ಲ."

ಮಲೆನಾಡಿನವರಲ್ಲದವರಿಗೆ ಒಂದು ಮಾತು: ಕೊನೆಗೌಡ ಅಂದ್ರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು. ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿದರೆ ಸುಮ್ಮನೆ ಇಳಿಯೋದಿಲ್ಲ. ತುದಿಯಲ್ಲಿ ಕೂತು, ಹಗ್ಗದ ಮೇಲೆ ಕೊನೆಯನ್ನ ಕೆಳಕ್ಕೆ ಜಾರಿಸಿ, ಆಮೇಲೆ ಮರವನ್ನೇ ತೂಗಿ ಬಗ್ಗಿಸಿ, ಪಕ್ಕದ ಮರ ಹಿಡಿದು ಅದಕ್ಕೆ ದಾಟಿಬಿಡ್ತಾರೆ. ಕೈಯಳತೆ ದಪ್ಪದ ಮರ, ನಲವತ್ತು ಐವತ್ತು ಅಡಿ ಎತ್ತರ, ಕೆಳಗೆ ಬಲೆಯಿಲ್ಲ, ಹಾಸಿಗೆಯಿಲ್ಲ. ಜಾಕಿಚಾನ್‌ನನ್ನ ನೋಡೋಕೆ ಮೊದಲೇ ನಾವು ಸ್ಟಂಟ್ ನೋಡಿದ್ದೆವು ಅಂತಾಯ್ತು.

ಬ್ರೂಸ್ಲಿ ಭೂತ ನಮಗೆ ಹಿಡಿದ ರೀತಿಯೇ ಬೇರೆ. ಗುದ್ದಲಿ ಕಾವನ್ನ ಎರಡು ತುಂಡು ಮಾಡಿ, ಕೊಟ್ಟಿಗೆಯಿಂದ ದನ ಕಟ್ಟುವ ಸರಪಳಿ ಕದ್ದು ಜೋಡಿಸಿ ನಾನು ಮಾಡಿದ ನಂಚಾಕು ಮೊದಲ ಬೀಸಿಗೇ ನನ್ನ ಹಣೆಗೆ ಬಡೀತು. ಗಾಯದ ಗುರುತು ಈಗಲೂ ಇದೆ. ಆ ರಾತ್ರಿ ಸರಪಳಿ ಇಲ್ಲದ ದನ ತೋಟಕ್ಕೆ ನುಗ್ಗಿ ಬಾಳೆಗಿಡ ತಿಂದದ್ದಕ್ಕೆ ಅಪ್ಪಯ್ಯ ಕೊಟ್ಟ ಪೆಟ್ಟಿನ ಗುರುತು ಮಾತ್ರ ಉಳಿದಿಲ್ಲ.

ಬ್ರೂಸ್ಲಿ ದೇವರು ಕಣ್ರೀ. ಅದರಲ್ಲಿ ವಾದವೇ ಇಲ್ಲ. 1971ರ 'ದಿ ಬಿಗ್ ಬಾಸ್'ನಿಂದ 1973ರ 'ಎಂಟರ್ ದಿ ಡ್ರ್ಯಾಗನ್'ವರೆಗೆ ಲೆಕ್ಕ ಹಾಕಿದರೆ ಪೂರ್ತಿ ಮುಗಿಸಿದ ಕುಂಗ್‌ಫೂ ಪಿಚ್ಚರ್ ನಾಲ್ಕೇ ನಾಲ್ಕು. ಆ ನಾಲ್ಕನೇದು ತೆರೆಗೆ ಬರುವ ಮೊದಲೇ, 1973ರ ಜುಲೈ 20ಕ್ಕೆ, ಮೂವತ್ತೆರಡು ವರ್ಷಕ್ಕೆ ಹೋಗಿಬಿಟ್ಟ. ರೋಮಿನ ಕೊಲೋಸಿಯಮ್ಮಿನ ಫೈಟಿನಲ್ಲಿ ಚಕ್ ನಾರಿಸ್ ಕೈಲಿ ಮೊದಲು ಒಂದಷ್ಟು ತಿಂದರೂ, ಒಂದು ಸಲ ಕುಣಿಯೋಕೆ ಶುರು ಮಾಡಿದನೋ ಮುಗೀತು, ಇನ್ನು ಇವನನ್ನ ಮುಟ್ಟೋರಿಲ್ಲ ಅಂತ ನಮಗೆ ಗೊತ್ತಾಗಿಬಿಡುತ್ತೆ. ದೇವರಿಗೆ ಪೆಟ್ಟಾಗಲ್ಲ. ಜಾಕಿಗೆ ಆಗುತ್ತೆ. ಹೊಡೆದ ಮೇಲೆ ತನ್ನ ಕೈಯನ್ನೇ ಕೊಡವಿಕೊಂಡು 'ಆಯ್' ಅಂತ ಊದಿಕೊಳ್ತಾನಲ್ಲ, ಅಲ್ಲೇ ಅವನು ನಮ್ಮವನಾದ.

ಬಹಳ ವರ್ಷ ಆದಮೇಲೆ ಒಂದು ವಿಷಯ ತಿಳಿದು ಮೈ ಜುಂ ಅಂದಿತ್ತು. 1972ರ 'ಫಿಸ್ಟ್ ಆಫ್ ಫ್ಯೂರಿ'ಯ ಕೊನೇ ಫೈಟಿನಲ್ಲಿ ಬ್ರೂಸ್ಲಿಯ ಒದೆಗೆ ಜಪಾನಿ ವಿಲನ್ ಗೋಡೆ ಸೀಳಿಕೊಂಡು ಅಂಗಳಕ್ಕೆ ಹಾರಿ ಬೀಳ್ತಾನಲ್ಲ, ಆ ಬಿದ್ದವನು ವಿಲನ್ ಅಲ್ಲ, ಅವನ ಡ್ಯೂಪು. ಆ ಡ್ಯೂಪ್ ಹುಡುಗನೇ ಜಾಕಿಚಾನ್! 'ಎಂಟರ್ ದಿ ಡ್ರ್ಯಾಗನ್'ನಲ್ಲೂ ಬ್ರೂಸ್ಲಿ ಜುಟ್ಟು ಹಿಡಿದು ಕತ್ತು ತಿರುಚುವ ಹುಡುಗರಲ್ಲಿ ಒಬ್ಬ ಅವನೇ. ನಾವೆಲ್ಲ ಒದ್ದವನನ್ನ ನೋಡಿ ಶಿಳ್ಳೆ ಹೊಡೀತಿದ್ದಾಗ ಒದೆಸಿಕೊಂಡವನು ಅಲ್ಲೇ ಇದ್ದ.

ಜಾಕಿ ಏಳು ವರ್ಷಕ್ಕೇ ಹಾಂಗ್‌ಕಾಂಗಿನಲ್ಲಿ ಯೂ ಜಿಮ್-ಯೂನ್ ಅನ್ನೋ ಗುರುವಿನ ಪೀಕಿಂಗ್ ಆಪೆರಾ ಶಾಲೆಗೆ ಸೇರಿದವನು. ಅಪ್ಪ ಅಮ್ಮ ದುಡಿಮೆಗೆ ಆಸ್ಟ್ರೇಲಿಯಾಕ್ಕೆ ಹೋದರು. ಇವನು ಹತ್ತು ವರ್ಷ ಅಲ್ಲೇ, ಲಾಗ, ಹಾಡು, ಕತ್ತಿವರಸೆ, ಬೆತ್ತದ ಏಟು. ಡುಮ್ಮಣ್ಣನ ಹಾಗಿದ್ದೂ ಬೆಕ್ಕಿನ ಥರ ಪಲ್ಟಿ ಹೊಡೆಯುವ ಸ್ಯಾಮೋ ಹಂಗ್, ಯೂನ್ ಬಿಯಾವ್ ಇವರೆಲ್ಲ ಅಲ್ಲಿನ ಜೊತೆಗಾರರು. ಅದಕ್ಕೇ ಆ ಪಿಚ್ಚರುಗಳ ಹೊಡೆದಾಟ ನಮ್ಮ ಕಡೆಯವರಿಗೆ ಯಾಕೋ ಗುರುತಿನದು ಅನ್ಸುತ್ತೆ. ಯಕ್ಷಗಾನದ ಯುದ್ಧಕುಣಿತ ನೆನಪು ಮಾಡಿಕೊಳ್ಳಿ. ಚಂಡೆ ಏರುತ್ತೆ, ಏರುತ್ತೆ, ಟಕ್ ಅಂತ ನಿಲ್ಲುತ್ತೆ. ವೇಷವೂ ಆ ಪೆಟ್ಟಿಗೆ ಸರಿಯಾಗಿ ಗಕ್ಕನೆ ನಿಂತು ಕಣ್ಣು ಬಿಡುತ್ತೆ. ಹಾಂಗ್‌ಕಾಂಗ್ ಫೈಟೂ ಹಾಗೇ: ಟಪ್ ಟಪ್ ಟಪ್ ಟಪ್, ಒಂದು ಕ್ಷಣ ನಿಲುಗಡೆ, ಮತ್ತೆ ಟಪ್ ಟಪ್. ಆ ನಿಲುಗಡೆ ಆಪೆರಾದ ತಾಳಮದ್ದಳೆಯಿಂದ ಬಂದದ್ದು. ನಮ್ಮ 'ಡಿಶುಂ'ಗೆ ಆ ತಾಳ ಇಲ್ಲ. ಜೊತೆಗೆ ಕ್ಯಾಮೆರಾ ದೂರ ನಿಂತು ತಲೆಯಿಂದ ಕಾಲಿನವರೆಗೆ ಇಡೀ ಮನುಷ್ಯನನ್ನ ತೋರಿಸುತ್ತೆ. ಈಗಿನ ಎಷ್ಟೋ ಪಿಚ್ಚರುಗಳಲ್ಲಿ ಒಂದು ಗುದ್ದಿಗೆ ನಾಲ್ಕು ಕಟ್ಟು, ಹೊಡೆದವನು ಯಾರು ಬಿದ್ದವನು ಯಾರು ಅನ್ನೋದೇ ತಿಳಿಯಲ್ಲ. ಮೈಗಳ್ಳತನ ಅಂತೀನಿ ನಾನು ಅದಕ್ಕೆ. (2003ರ 'ಓಂಗ್-ಬಾಕ್'ನ ಟೋನಿ ಜಾ, 2011ರ 'ದಿ ರೇಡ್'ನ ಇಕೋ ಉವೈಸ್ ಮೈಗಳ್ಳರಲ್ಲ. ನೋಡಿಲ್ಲದಿದ್ರೆ ನೋಡಿ.)

ಮತ್ತೆ ತೋಟಕ್ಕೆ ಬರ್ತೀನಿ.

ಆ ವರ್ಷ ಕೊಯ್ಲಿನ ಹೊತ್ತಿಗೆ ನಾವು ನಾಲ್ಕೈದು ಹುಡುಗರಿಗೆ ಅದೊಂದೇ ಕೆಲಸ. ಶಾಲೆ ಬಿಟ್ಟ ಕೂಡ್ಲೇ ತೋಟದ ಕಾದಿಗೆ ದಂಡೆ ಮೇಲೆ ನಿಂತು ಮೇಲೆ ನೋಡೋದು. ಕೊನೆಗೌಡರು ಒಂದು ಮರದಿಂದ ಇನ್ನೊಂದಕ್ಕೆ ದಾಟಿದ ಕೂಡಲೇ ಶಿಳ್ಳೆ, ಚಪ್ಪಾಳೆ, "ಜಾಕಿಚಾನ್! ಜಾಕಿಚಾನ್!" ಅವರಿಗೂ ಖುಷಿಯಾಗ್ತಿತ್ತು ಅಂತ ಕಾಣುತ್ತೆ. ಒಂದು ದಿನ ಮಾಮೂಲಿಗಿಂತ ದೂರದ ಮರಕ್ಕೆ, ಚೂರು ಜಾಸ್ತಿಯೇ ತೂಗಿ ಹಾರಿದರು. ನಾವು ಹುಚ್ಚೆದ್ದು ಕುಣಿದ್ವಿ. ನಾನೇ ಕೂಗಿದ್ದು, ಯಕ್ಷಗಾನದಲ್ಲಿ ಪುಂಡು ವೇಷ ದಿಗಿಣ ಹೊಡೆದಾಗ ಕೂಗೋ ಹಾಗೆ:

"ಒನ್ಸ್ ಮೋರ್!"

ಅವರು ಮೇಲಿಂದ ನಕ್ಕು, ವಾಪಸ್ ಹಳೇ ಮರಕ್ಕೆ ದಾಟಿ, ಮತ್ತೆ ಹಾರಿ ತೋರಿಸಿದರು. ಅಪ್ಪಯ್ಯ ಮನೆಯಿಂದ ಬೈದದ್ದು ಕೇಳಿ ನಾವು ಓಡಿದ್ವಿ. ಆವತ್ತು ಏನೂ ಆಗಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಇನ್ಯಾರದೋ ತೋಟದಲ್ಲಿ ಬಿದ್ದರು. ಸೊಂಟದ ಮೂಳೆ. ಕಂಬಳಿಯಲ್ಲಿ ಕಟ್ಟಿ ಜೀಪಿನಲ್ಲಿ ಶಿವಮೊಗ್ಗಕ್ಕೆ ಸಾಗಿಸಿದರು. ಜನ ಓಡಿದ್ದನ್ನ ನಾನೂ ನೋಡಿದೆ. ಅವರು ಹೇಳಿದ್ದು ನಿಜ, ಸುಳ್ಳಿಗೆ ಜನ ಹಾಗೆ ಓಡಲ್ಲ. ಯಾಕೆ ಬಿದ್ದರು? ಮರ ಹಳೇದಿತ್ತು ಅಂದರು ಕೆಲವರು, ಇಬ್ಬನಿ ಅಂದರು ಕೆಲವರು. ಅಲ್ಲಿ ಹುಡುಗರು ಯಾರೂ ಇರಲಿಲ್ಲ, ಶಿಳ್ಳೆ ಇರಲಿಲ್ಲ. ಆದರೂ ನನಗೆ ಒಳಗೊಳಗೇ ಒಂದು ಪುಕಪುಕ ಶುರುವಾಯ್ತು. ದೂರದ ಮರಕ್ಕೆ ಹಾರೋ ಚಟ ಹತ್ತಿಸಿದ್ದು ನಾವೇನಾ? ಯಾರನ್ನ ಕೇಳೋದು? ಅವರು ಮತ್ತೆ ಮರ ಹತ್ತಲಿಲ್ಲ. ಮರುವರ್ಷದಿಂದ ನಮ್ಮನೆ ಜಗಲಿಯಲ್ಲಿ ಹೆಂಗಸರ ಜೊತೆ ಕೂತು ಅಡಿಕೆ ಸುಲಿಯೋಕೆ ಬರ್ತಿದ್ರು. ನಾನು ಆ ಕಡೆ ಹೋಗದೆ ಹಿತ್ತಿಲ ಬಾಗಿಲಿನಿಂದ ಓಡಾಡ್ತಿದ್ದೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಮೇಲೆ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಆ ಪಿಚ್ಚರ್ ಸಿಕ್ಕಿತು, ವಿಸಿಡಿ. 'ಆರ್ಮರ್ ಆಫ್ ಗಾಡ್', 1986. ಆಮೇಲೆ ಕೂತು ಓದಿದೆ. ಗಡಿಯಾರದ ಗೋಪುರದಿಂದ ಬಿದ್ದವನು, ಮಾಲಿನ ಕಂಬ ಜಾರಿದವನು ಸಾವಿನ ಬಾಗಿಲವರೆಗೆ ಹೋದದ್ದು ಒಂದು ಸಾಮಾನ್ಯ ಮರದಿಂದ. ಆಗಿನ ಯುಗೋಸ್ಲಾವಿಯಾದಲ್ಲಿ ಶೂಟಿಂಗು. ಗೋಡೆಯಿಂದ ಮರದ ಕೊಂಬೆಗೆ ಹಾರಬೇಕು, ಅವನ ಲೆಕ್ಕದಲ್ಲಿ ಏನೇನೂ ಅಲ್ಲ. ಕೊಂಬೆ ಕೈಕೊಟ್ಟಿತು. ತಲೆ ಕಲ್ಲಿಗೆ ಬಡಿದು ಬುರುಡೆ ಒಡೀತು, ತುರ್ತಾಗಿ ಆಪರೇಷನ್ ಮಾಡಿ ಉಳಿಸಿಕೊಂಡರು.

ಓದ್ತಾ ಓದ್ತಾ ಒಂದು ಸಾಲಿಗೆ ಬಂದು ನಿಂತುಬಿಟ್ಟೆ. ಅವನು ಬಿದ್ದದ್ದು ಮೊದಲನೇ ಸಲ ಹಾರಿದಾಗ ಅಲ್ಲ. ಮೊದಲನೇದು ಸರಿಯಾಗೇ ಬಂದಿತ್ತು. ಇನ್ನೂ ಚೆನ್ನಾಗಿ ಬರಲಿ ಅಂತ ಮತ್ತೊಂದು ಸಲ ಹಾರಿದಾಗ ಬಿದ್ದ.

ಆವತ್ತು ಆ ಸಿಡಿಯನ್ನ ಪೂರ್ತಿ ನೋಡಲಿಲ್ಲ.

ಹಾಗಂತ ನೋಡೋದು ಬಿಟ್ಟೆನಾ? ಇಲ್ಲ ಬಿಡಿ. ಸುಳ್ಳು ಯಾಕೆ ಹೇಳಲಿ. ಹಾಲಿವುಡ್ಡಿನ 'ಕ್ಯಾನನ್‌ಬಾಲ್ ರನ್'ನಲ್ಲಿ ಪಾರ್ಟು ಮಾಡಿದಾಗ ಅದರ ಕೊನೆಯ ತಮಾಷೆ ತುಣುಕು ನೋಡಿ, 1982ರ 'ಡ್ರ್ಯಾಗನ್ ಲಾರ್ಡ್'ನಿಂದ ಜಾಕಿ ತಾನೂ ಹಾಕೋಕೆ ಶುರು ಮಾಡಿದನಂತೆ. ಅವರಿಗೆ ಅದು ಡೈಲಾಗ್ ತಪ್ಪಿದ್ದು, ಇವನಿಗೆ ಮೂಳೆ ತಪ್ಪಿದ್ದು. 1995ರ 'ರಂಬಲ್ ಇನ್ ದಿ ಬ್ರಾಂಕ್ಸ್'ನಲ್ಲಿ ಪಾದದ ಗಂಟು ಮುರಿದಾಗ, ಬ್ಯಾಂಡೇಜಿನ ಮೇಲೆ ಶೂ ಥರ ಬಣ್ಣ ಬಳಿದ ಕಾಲುಚೀಲ ಹಾಕಿ ಶೂಟಿಂಗ್ ಮುಗಿಸಿದ. ಅದನ್ನೂ ಕೊನೆಗೆ ತೋರಿಸಿದ. ಈಗ ನಾನು ಆ ತುಣುಕುಗಳಲ್ಲಿ ಜಾಕಿಯನ್ನ ನೋಡೋದಕ್ಕಿಂತ ಜಾಸ್ತಿ ಸುತ್ತಲಿನವರನ್ನ ನೋಡ್ತೀನಿ. ಯಾರು ನಗ್ತಿದ್ದಾರೆ, ಯಾರು ಓಡ್ತಿದ್ದಾರೆ.

ಮಿಶೆಲ್ ಯೋ ಬಗ್ಗೆ ಒಂದು ಮಾತು ಹೇಳದಿದ್ರೆ ಮನೆಯವಳು ಬಿಡಲ್ಲ, ಅವಳ ಮೆಚ್ಚಿನ ಹೀರೋ ಈಯಮ್ಮ. ಮಲೇಷ್ಯಾದ ಇಪೋ ಊರಿನ ಹುಡುಗಿ, ಕಲಿತದ್ದು ಬ್ಯಾಲೆ. 1992ರ 'ಪೊಲೀಸ್ ಸ್ಟೋರಿ 3'ರಲ್ಲಿ ಬೈಕ್ ಓಡಿಸಿಕೊಂಡು ಹೋಗಿ ಚಲಿಸುವ ರೈಲಿನ ಮೇಲಕ್ಕೆ ಹಾರಿಸಿದಳು. 1996ರಲ್ಲಿ ಆನ್ ಹುಯಿ ನಿರ್ದೇಶನದಲ್ಲಿ ಒಬ್ಬ ಸ್ಟಂಟ್ ಹೆಣ್ಣಿನ ಕತೆಯ ಪಿಚ್ಚರ್ ಮಾಡುವಾಗ ಸೇತುವೆಯಿಂದ ಹಾರಿ ಬೆನ್ನಿಗೆ ಕೆಟ್ಟ ಪೆಟ್ಟು ಮಾಡಿಕೊಂಡಳು. 2023ರಲ್ಲಿ ಆಸ್ಕರ್ ಹಿಡಿದು ನಿಂತಾಗ ನಮ್ಮನೆಯಲ್ಲಿ ಶಿಳ್ಳೆ ಹೊಡೆದದ್ದು ನಾನಲ್ಲ.

ಆಸ್ಕರ್ ಅಂದಾಗ 2016ರ ನವೆಂಬರ್ ನೆನಪಾಗುತ್ತೆ. ಏಳನೇ ತಾರೀಕು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಕ್ಲೈಮ್ಯಾಕ್ಸ್ ಶೂಟಿಂಗು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ವಿಜಯ್ ದಡ ಸೇರಿದರು. ಅನಿಲ್, ಉದಯ್ ಸೇರಲಿಲ್ಲ. ಟಿವಿಯವರು ಆ ಹಾರಿದ ದೃಶ್ಯವನ್ನ ಹಾಕಿದರು, ಮತ್ತೆ ಹಾಕಿದರು, ನಿಧಾನ ಮಾಡಿ ಹಾಕಿದರು, ಸುತ್ತ ಕೆಂಪು ಗೆರೆ ಎಳೆದು ಹಾಕಿದರು. ನಾನೂ ಚಾನೆಲ್ ಬದಲಿಸಿ ಬದಲಿಸಿ ನೋಡಿದೆ, ಮುಚ್ಚಿಡೋದೇನು. ಮಾರನೇ ರಾತ್ರಿ ನೋಟು ರದ್ದಾಯ್ತು, ಟಿವಿ ಅತ್ತ ಓಡಿತು, ಊರಿಗೂರೇ ಎಟಿಎಂ ಮುಂದೆ ನಿಂತಿತು. ಹನ್ನೆರಡನೇ ತಾರೀಕು ಅಮೆರಿಕಾದಲ್ಲಿ ಜಾಕಿಚಾನ್‌ಗೆ ಗೌರವ ಆಸ್ಕರ್ ಕೊಟ್ಟರು. ಇಷ್ಟು ವರ್ಷ, ಇಷ್ಟು ಪಿಚ್ಚರ್, ಇಷ್ಟು ಮೂಳೆ ಮುರಿದುಕೊಂಡ ಮೇಲೆ ಕೊನೆಗೂ ಬಂತು ಅಂತ ಅವನು ನಗಿಸಿದ, ಎಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದೇ ವಾರ. ನಾನು ಹುಡುಗನಾಗಿದ್ದಾಗಿಂದ ಕಾದಿದ್ದ ದಿನ, ಚಪ್ಪಾಳೆ ಹೊಡೆಯೋಕೆ ಕೈಯೇ ಬರಲಿಲ್ಲ.

(ಸ್ಟಂಟಿನವರಿಗೆ ಅಂತಲೇ ಒಂದು ಆಸ್ಕರ್ ಇಡ್ತೀವಿ, 2027ರ ಪಿಚ್ಚರುಗಳಿಂದ ಶುರು ಅಂತ 2025ರಲ್ಲಿ ಘೋಷಿಸಿದರು. ನಮ್ಮ ರಾಷ್ಟ್ರಪ್ರಶಸ್ತಿಯವರು ಈ ವಿಷಯದಲ್ಲಿ ಮುಂದು. 2019ರಲ್ಲೇ ನಮ್ಮ 'ಕೆಜಿಎಫ್'ಗೆ ಸಾಹಸಕ್ಕಾಗಿ ಬಂದಿತ್ತು.)

ಹೋದ ವರ್ಷ ಕೊಯ್ಲಿಗೆ ಊರಿಗೆ ಹೋಗಿದ್ದೆ. ಕೊನೆಗೌಡರಿಗೆ ಈಗ ಅರವತ್ತೈದು ದಾಟಿದೆ. ಕೋಲು ಹಿಡಿದು ಒಂದು ಕಡೆಗೆ ವಾಲಿಕೊಂಡು ನಡೀತಾರೆ. ಅವರ ಮಗ ಮರ ಹತ್ತಲ್ಲ, ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಈಗ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊಯ್ತಾರೆ, ಒಳ್ಳೇದಾಯ್ತು. ಈ ಸಲ ಕೇಳಿಯೇ ಬಿಡೋದು ಅಂತ ಗಟ್ಟಿ ಮನಸ್ಸು ಮಾಡಿ ಅವರ ಮನೆ ಜಗಲಿಗೆ ಹೋಗಿ ಕೂತೆ. ಕವಳ ಮುಂದಿಟ್ಟರು. ಮಳೆ, ಅಡಿಕೆ ರೇಟು, ಕೊಳೆರೋಗ, ಮಂಗನ ಕಾಟ ಎಲ್ಲ ಆಯ್ತು. ನನ್ನ ಬಾಯಲ್ಲಿ ಆ ಮಾತು ಮಾತ್ರ ಬರಲೇ ಇಲ್ಲ.

ಏಳೋ ಹೊತ್ತಿಗೆ ಅವರೇ ಕೇಳಿದರು.

"ಸಣ್ಣಯ್ಯಾ, ಆ ಮರದಿಂದ ಬಿದ್ದಿದ್ನಲ್ಲ, ಚೀನಾದಂವ. ಅಂವ ಈಗ ಹ್ಯಾಗಿದಾನೆ?"

ಮೂವತ್ತು ವರ್ಷದ ಮೇಲಾಗಿತ್ತು. ನನಗೆ ಗಂಟಲು ಕಟ್ಟಿತು. ಚೆನ್ನಾಗಿದಾನೆ, ಎಪ್ಪತ್ತು ದಾಟ್ತು ಅಂದೆ.

"ಎಪ್ಪತ್ತಾ! ಈಗ ಹತ್ತದಿಲ್ಲ ಅಲ್ದಾ?"

"ಹತ್ತುತಾನೆ. 2025ರಲ್ಲೂ ಹೊಸ ಪಿಚ್ಚರ್ ಬಂತು, ಅದರಲ್ಲೂ ಹೊಡೆದಾಡಿದಾನೆ."

ಕೊನೆಗೌಡರು ಸುಣ್ಣ ಹಚ್ಚುತ್ತಿದ್ದ ಎಲೆಯನ್ನ ಹಾಗೇ ಹಿಡಕೊಂಡು ನನ್ನ ಮುಖ ನೋಡಿದರು.

"ಯಾಕಂತೆ? ಮನೇಲಿ ಅವನ ಹೆಂಡ್ತಿ ಏನೂ ಹೇಳದಿಲ್ವಾ?"